ಪೂರ್ತಿ ಹೇಳುವ ಕೆಲಸ

"ಎಲೆ ತಗೊ," ಎಂದಳು ಶಾಂತಕುಮಾರಿ.

ಜವಾನ ಪಾಲಾಕ್ಷ ತಟ್ಟೆಯಲ್ಲಿದ್ದ ವೀಳ್ಯದೆಲೆಯ ಕಟ್ಟನ್ನು ದಾರದ ಸಮೇತ ಎತ್ತಿಕೊಂಡು ಮುಂದಿನ ಮಾತಿಗೆ ಕಾಯುತ್ತ ನಿಂತ.

"ಅಷ್ಟೂ ಅಲ್ಲ, ಒಂದು."

ಅವನು ಕಟ್ಟು ಬಿಚ್ಚದೆ ನಡುವಿನಿಂದ ಒಂದೆಲೆ ಎಳೆದ. ಅರ್ಧ ಹರಿದು ಬಂತು.

"ಸುಣ್ಣ ಹಚ್ಚು."

ಪಾಲಾಕ್ಷ ಸುಣ್ಣದ ಡಬ್ಬಿಗೆ ಬೆರಳು ಅದ್ದಿ, ತನ್ನ ಎಡ ಮುಂಗೈಗೆ ನೀಟಾಗಿ ಬಳಿದುಕೊಂಡ. ಮೇಜಿನ ಹಿಂದಿದ್ದ ಗುಮಾಸ್ತರು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದರು. ಶಾಂತೆಯ ಕಿವಿ ಬಿಸಿಯಾಯಿತು.

"ಇವನು ಬೇಕಂತ ಮಾಡ್ತಾವ್ನೆ ಸಾರ್."

"ಬೇಕಂತಲೇ ಕಣಮ್ಮ," ಎಂದರು ಸಾಹೇಬರು. "ಇವನು ದಿನವಿಡೀ ಎಲೆ ಅಡಿಕೆ ಜಗಿಯೋನೇ. ಆದರೆ ಈ ಹೊತ್ತು ಇವನಿಗೆ ಏನೂ ಗೊತ್ತಿಲ್ಲ, ನೀನು ಹೇಳಿದಷ್ಟೇ ಮಾಡ್ತಾನೆ. ನಮ್ಮ ಯಂತ್ರವೂ ಹೀಗೇ."

"ಏಳಿದಷ್ಟೇ ಮಾಡ್ತೀಯ ಅಂತ ನಮ್ಮನೆಯೋಳೂ ಬೈತಾಳೆ ಸಾ," ಎಂದ ಪಾಲಾಕ್ಷ.

ಎಲ್ಲರೂ ನಕ್ಕರು. ಶಾಂತೆ ನಗುವಂತೆ ತುಟಿ ಅಗಲಿಸಿ ಹೊರಗೆ ಬಂದಳು.

ಎಪ್ಪತ್ತೊಂದರ ಯುದ್ಧ ಮುಗಿದ ಮರುವರ್ಷ ಅದು. ಮೈಸೂರಿನ ಕಾರ್ಖಾನೆಯೊಂದು ಲೆಕ್ಕ ಮಾಡುವ ಯಂತ್ರ ತರಿಸಿತ್ತು. ಯಂತ್ರ ಏನೇನು ಮಾಡಬೇಕೆಂದು ಒಂದೊಂದೇ ಹೆಜ್ಜೆಯಾಗಿ ಬರೆದುಕೊಡುವವರು ಬೇಕಾಗಿದ್ದರು. ಅದಕ್ಕೆ ಪ್ರೋಗ್ರಾಮು ಎನ್ನುತ್ತಾರೆಂದು ಸಾಹೇಬರೇ ಹೇಳಿದ್ದರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು, ಕಲಿಸಿ ಕೆಲಸ ಕೊಡುತ್ತಾರೆ. ಹಾಸನ ಜಿಲ್ಲೆಗೆ ಒಂದೇ ಜಾಗ. ಅದಕ್ಕಾಗಿ ಹಾಸನದ ಪ್ರವಾಸಿ ಬಂಗಲೆಯಲ್ಲಿ ಈ ಪರೀಕ್ಷೆ: ಜವಾನನಿಗೆ ಬಾಯಲ್ಲಿ ಹೇಳಿ ಹೇಳಿ ಒಂದು ವೀಳ್ಯ ಮಡಿಸಿಸಬೇಕು.

ಬಾಗೂರಿನಿಂದ ಬೆಳಗಿನ ಬಸ್ಸಿಗೆ ಶಾಂತೆಯನ್ನು ಕರೆತರುವಾಗ ಅಪ್ಪ ದೇವರಾಜೇಗೌಡರು ಮಾತನ್ನು ಸ್ಪಷ್ಟ ಮಾಡಿದ್ದರು. "ಸಿಕ್ಕಿದ್ರೆ ಓಗು, ನಾನು ಬ್ಯಾಡ ಅನ್ನಲ್ಲ. ಸಿಗದಿದ್ರೆ ರಾಮನಾಥಪುರದೋರಿಗೆ ಮಾತು ಕೊಟ್ಬುಡ್ತೀನಿ." ರಾಮನಾಥಪುರದವರು ಹೊಗೆಸೊಪ್ಪು ಬೆಳೆಯುವವರು. ನೋಡಲು ಬಂದಿದ್ದ ಗಂಡು ಕಾಫಿ ಲೋಟ ಕೆಳಗಿಡುವ ತನಕ ಹರಾಜಿನ ಮಾತು ಬಿಟ್ಟು ಬೇರೇನೂ ಆಡಿರಲಿಲ್ಲ. ಶಾಂತೆ ಮನಸ್ಸಿನಲ್ಲಿ ಆಗಲೇ ಮೈಸೂರಿಗೆ ಹೋಗಿ, ಹಾಸ್ಟೆಲಿನ ಕಿಟಕಿಯ ಪಕ್ಕ ಮಂಚ ಹಾಕಿಸಿಕೊಂಡು, ಎಡಗೈಗೆ ವಾಚು ಕಟ್ಟಿಕೊಂಡು ತುಂಬ ದಿನವಾಗಿತ್ತು.

ಒಳಗೆ ಮಲ್ಲಿಗಮ್ಮನ ಹೆಸರು ಕೂಗಿದರು. ಶಾಂತೆ ಕಿಟಕಿಗೆ ಒರಗಿ ನಿಂತಳು.

ಮಲ್ಲಿಗಮ್ಮ ಶಾಂತೆಯ ಮನೆಯ ಗದ್ದೆಯಲ್ಲಿ ದುಡಿಯುವ ಲಕ್ಕಯ್ಯನ ಮಗಳು. ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು. ಶಾಲೆಯ ಗೇಟಿನೊಳಗೆ ಅವಳು ಇವಳನ್ನು ಶಾಂತಾ ಎನ್ನುತ್ತಿದ್ದಳು, ಗೇಟು ದಾಟಿದ ಮೇಲೆ ಅವ್ವಾರೆ. ಅವಳು ಹೊದ್ದಿದ್ದ ನೀಲಿ ದಾವಣಿ ಹೋದ ವರ್ಷದವರೆಗೂ ಶಾಂತೆಯದಾಗಿತ್ತು. ತನ್ನ ಮೈಮೇಲೆ ಅದು ಯಾವತ್ತೂ ಇಷ್ಟು ಒಪ್ಪಿರಲಿಲ್ಲ.

"ಕಟ್ಟಿನ ದಾರ ಬಿಚ್ಚಿ ಅಣ್ಣಾ," ಎನ್ನುತ್ತಿದ್ದಳು ಮಲ್ಲಿಗಮ್ಮ. "ಮೇಲಿನ ಎಲೆ ಒಂದೇ ಒಂದು ಎತ್ಕೊಳ್ಳಿ. ಬೆಳಕಿಗೆ ಹಿಡೀರಿ. ತೂತು ಇದ್ರೆ ಪಕ್ಕಕ್ಕಿಟ್ಟು ಇನ್ನೊಂದು ಎತ್ಕೊಳ್ಳಿ. ತೂತಿಲ್ಲದ್ದು ಸಿಗೋಗಂಟ ಇಂಗೇ ಮಾಡಿ. ಸಿಕ್ತಾ? ಈಗ ತೊಟ್ಟು ಮುರೀರಿ. ಎಲೆ ಬೆನ್ನು ಮೇಲೆ ಬರಂಗೆ ಎಡಗೈ ಮೇಲೆ ಇಟ್ಕೊಳ್ಳಿ. ಬಲಗೈ ತೋರುಬೆರಳ ತುದೀಲಿ ಒಂದು ಅಕ್ಕಿಕಾಳಿನಷ್ಟು ಸುಣ್ಣ..."

ಪಾಲಾಕ್ಷ ಎಷ್ಟು ಹುಡುಕಿದರೂ ಅವನಿಗೆ ತಪ್ಪು ಮಾಡಲು ಸಂದು ಸಿಗಲಿಲ್ಲ. ಕೊನೆಗೆ ಸೊಗಸಾಗಿ ಮಡಿಸಿದ ಎಲೆ ಹಿಡಿದು ಪೆಚ್ಚಾಗಿ ನಿಂತ. "ಬಾಯಿಗೆ ಆಕ್ಕೊಳ್ಳಿ ಅಂತ ಮಾತ್ರ ಏಳ್ಲಿಲ್ಲ ನೀನು," ಎಂದ.

"ಅದು ಸಾಹೇಬರಿಗೆ. ನಿಮಗಲ್ಲ."

ಸಾಹೇಬರು ಕನ್ನಡಕ ತೆಗೆದು ಜೋರಾಗಿ ನಕ್ಕರು. "ಹೀಗೆ ಹೇಳೋದನ್ನ ಎಲ್ಲಿ ಕಲಿತೆಯಮ್ಮ?"

"ನಮ್ಮಪ್ಪಂಗೆ ಕೆಲಸ ಏಳೋರು ಅರ್ಧಾನೇ ಏಳೋದು ಸಾ. ಗದ್ದೆಗೆ ನೀರು ತಿರುಗ್ಸು ಅಂತಾರೆ, ಎಷ್ಟೊತ್ತಿಗೆ ನಿಲ್ಲಿಸ್ಬೇಕು ಅನ್ನಲ್ಲ. ಹೆಚ್ಚುಕಮ್ಮಿ ಆದ್ರೆ ಬೈಗುಳ ಮಾತ್ರ ಪೂರ್ತಿ."

ಕಿಟಕಿಯ ಸರಳು ಶಾಂತೆಯ ಅಂಗೈಗೆ ಒತ್ತುತ್ತಿತ್ತು. ಯಾರ ಮನೆಯ ಗದ್ದೆ, ಯಾರ ಬೈಗುಳ! ಅವಳ ಮನೆಯಲ್ಲಿ "ಎಲೆ" ಎಂದರೆ ಸಾಕಿತ್ತು. ತೊಟ್ಟು ಮುರಿದು, ಸುಣ್ಣ ಸವರಿ, ಮಡಿಸಿದ ಎಲೆ ಕೈಗೆ ಬರುತ್ತಿತ್ತು. ನಡುವೆ ಇಷ್ಟೆಲ್ಲ ಇದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹೊರಗೆ ಬಂದ ಮಲ್ಲಿಗಮ್ಮ ಅವಳ ಕೈ ಹಿಡಿದುಕೊಂಡಳು. "ನಿಂದು ಎಂಗಾಯ್ತು ಶಾಂತಾ?" ಅಷ್ಟರಲ್ಲಿ ಮೆಟ್ಟಿಲ ಕೆಳಗೆ ನಿಂತಿದ್ದ ದೇವರಾಜೇಗೌಡರು ಕಣ್ಣಿಗೆ ಬಿದ್ದು, ಕೈ ಬಿಟ್ಟು, "ಅವ್ವಾರೆ," ಎಂದು ಸೇರಿಸಿದಳು.

"ಚೆನ್ನಾಗಾಯ್ತು."

ಫಲಿತಾಂಶ ಅಂಚೆಯಲ್ಲಿ ತಿಳಿಸುತ್ತಾರೆಂದು ಗುಮಾಸ್ತರು ಮೊದಲೇ ಹೇಳಿದ್ದರು. ಬಂದವರೆಲ್ಲ ಚದುರಿದರು. ಸಂಜೆ ಬರುವ ತನಕ ಬಂಗಲೆಯಲ್ಲೇ ಕೂತಿರಲು ಶಾಂತೆಗೆ ಹೇಳಿ ಅಪ್ಪ ನೆಂಟರ ಮನೆಗೆ ಹೋದರು. ಲಕ್ಕಯ್ಯ ಮಗಳನ್ನು ಕರೆದುಕೊಂಡು ಬಸ್ ನಿಲ್ದಾಣದ ಕಡೆ ಹೋದ. ಶಾಂತೆ ಖಾಲಿ ಜಗಲಿಯಲ್ಲಿ ಒಬ್ಬಳೇ ಕೂತಳು.

ಅವಳ ಅಜ್ಜಿಯ ಕಥೆಗಳಲ್ಲಿ ರಾಜನಿಗೆ ಏಳು ಮಂದಿ ರಾಣಿಯರು. ಆರು ಮಂದಿ ಹೊಟ್ಟೆಕಿಚ್ಚಿನವರು, ಏಳನೆಯವಳು ಹೆತ್ತ ಕೂಸಿನ ಜಾಗದಲ್ಲಿ ರುಬ್ಬುಗುಂಡು ಇಡುವವರು. ಕಥೆ ಕೇಳುವಾಗಲೆಲ್ಲ ಶಾಂತೆ ಏಳನೆಯವಳೇ ಆಗುತ್ತಿದ್ದಳು. ಉಳಿದ ಆರು ಮಂದಿಗೆ ಎದೆಯೊಳಗೆ ಏನಾಗುತ್ತಿತ್ತೆಂದು ಅಜ್ಜಿ ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ.

"ಏನಮ್ಮಾ, ಬಾಗೂರಿನ ಮಲ್ಲಿಗಮ್ಮ ಎಲ್ಲಿ?" ಗುಮಾಸ್ತರು ಅವಸರದಿಂದ ಹೊರಗೆ ಬಂದರು. "ಸಾಹೇಬರು ಈಗಿನ ರೈಲಿಗೇ ಹೊರಡ್ತಾರೆ, ಅಂಚೆಗೆ ಬಿಡೋದು ಬೇಡವಂತೆ. ಯಾರನ್ನ ತಗೊಂಡ್ರೂ ಇವತ್ತೇ ರುಜು ಹಾಕಿಸ್ಕೊಂಡು ಹೋಗ್ಬೇಕು ಅಂತಾರೆ. ಆ ಹುಡುಗೀನೇ ಮೊದಲು."

ಶಾಂತೆ ಎದ್ದು ನಿಂತಳು. "ಅವಳು ಸಿಗದಿದ್ರೆ ಸಾರ್?"

"ಅರ್ಧ ಗಂಟೆ ನೋಡ್ತೀವಿ. ಆಮೇಲೆ ಎರಡನೆಯವಳು ನೀನೇ, ಉಳಿದೋರು ನಿನ್ನಷ್ಟೂ ಹೇಳ್ಲಿಲ್ಲ. ನಿಮ್ಮೂರೋಳೇ ಅಲ್ವಾ? ಎಲ್ಲೋದ್ಲು ಗೊತ್ತಾ?"

"ಗೊತ್ತು ಸಾರ್. ನಾನೇ ಕರ್ಕೊಂಡು ಬತ್ತೀನಿ."

ಹಾಗೆ ಹೇಳುವಾಗ ಕರೆತರಬೇಕೆಂದೇ ಅವಳು ಹೊರಟಿದ್ದಳು. ಗೇಟು ದಾಟಿ ರಸ್ತೆಗಿಳಿದಳು. ನೀಲಿ ದಾವಣಿ ದೂರದಿಂದಲೇ ಕಾಣಿಸಿತು. ಬಸ್ ನಿಲ್ದಾಣದ ಪಕ್ಕದ ಹೊಂಗೆ ಮರದ ಕೆಳಗೆ ಅಪ್ಪ ಮಗಳು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಲಕ್ಕಯ್ಯ ಎಡಗೈ ಚಾಚಿ, ಬಲಗೈ ಬೆರಳಿನಿಂದ ಅದರ ಮೇಲೆ ಸುಣ್ಣ ಸವರುವಂತೆ ಮಾಡಿ ಪಾಲಾಕ್ಷನನ್ನು ಅಣಕಿಸುತ್ತಿದ್ದ. ಮಲ್ಲಿಗಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಶಾಂತೆಯ ಕಾಲು ನಿಧಾನವಾಯಿತು. ಪಾಲಾಕ್ಷ ಮುಂಗೈಗೆ ಸುಣ್ಣ ಬಳಿದುಕೊಂಡದ್ದು ತಾನು ಹೇಳಿದ್ದಕ್ಕಲ್ಲವೆ? ಲಕ್ಕಯ್ಯ ಕಿಟಕಿಯಿಂದ ಕಂಡಿರಬೇಕು, ಅದನ್ನೇ ಹೇಳಿಕೊಂಡು ನಗುತ್ತಿದ್ದಾರೆ.

ಅವಳನ್ನು ಕಂಡು ಇಬ್ಬರೂ ಎದ್ದು ನಿಂತರು.

"ಏನಾರ ಗೊತ್ತಾಯ್ತಾ ಅವ್ವಾರೆ?" ಮಲ್ಲಿಗಮ್ಮನ ಮುಖ ಅರಳಿತ್ತು.

"ಇಲ್ಲ ಕಣೆ," ಎಂದಳು ಶಾಂತೆ. ಮಾತು ಸಲೀಸಾಗಿ ಬಂತು. "ಒಬ್ಳೇ ಕೂತು ಬೇಜಾರಾಯ್ತು, ಬಂದೆ. ಏನ್ ಉಣ್ತಾ ಇದೀರ?"

"ನಮ್ದೇನವ್ವಾ," ಲಕ್ಕಯ್ಯ ಸಂಕೋಚದಿಂದ ಬಟ್ಟೆ ಎಳೆದು ಬುತ್ತಿ ಮುಚ್ಚಿದ. "ರಾಗಿ ರೊಟ್ಟಿ, ಉಚ್ಚೆಳ್ಳು ಚಟ್ನಿ."

"ನಂಗೂ ಕೊಡು. ಹಸಿವಾಗ್ತದೆ."

ಲಕ್ಕಯ್ಯ ಮಗಳ ಮುಖ ನೋಡಿದ. "ತಮಾಸೆ ಮಾಡ್ಬ್ಯಾಡಿ ಅವ್ವಾರೆ. ಗೌಡ್ರು ಕಂಡ್ರೆ ನನ್ನ ಚರ್ಮ ಸುಲೀತಾರೆ."

"ಅಪ್ಪ ಇಲ್ಲಿಲ್ಲ." ಅವಳು ಮರದ ಬೇರಿನ ಮೇಲೆ ಕೂತು ಕೈ ಚಾಚಿದಳು.

ಲಕ್ಕಯ್ಯ ರೊಟ್ಟಿ ಮುರಿದ. ದೊಡ್ಡ ತುಂಡಿಗೆ ಚಟ್ನಿ ಸವರಿ, ಅಭ್ಯಾಸದಂತೆ ಮೇಲಿನಿಂದ ಅವಳ ಅಂಗೈಗೆ ಹಾಕಲು ಹೋದ.

"ಕೈಗೇ ಕೊಡು ಲಕ್ಕಯ್ಯ."

ಅವನು ಕೈ ತಗ್ಗಿಸಿದ. ಬೆರಳು ಬೆರಳಿಗೆ ತಾಗಿತು. ಅವನು ಮುಖ ಆಚೆ ತಿರುಗಿಸಿ ಹೆಗಲ ಟವಲಿನಿಂದ ಕಣ್ಣೊರೆಸಿಕೊಂಡ. ಮಲ್ಲಿಗಮ್ಮ ಗೆಳತಿಯ ಪಕ್ಕಕ್ಕೆ ಸರಿದು ಕೂತಳು. ಶಾಂತೆ ಒಂದೊಂದು ಚೂರನ್ನೂ ಮುರಿದು, ನಿಧಾನವಾಗಿ ಅಗಿದು ತಿಂದಳು. ಖಾರ ಎಂದಳು. ನೀರು ಕೇಳಿದಳು. ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಹಾಕುತ್ತಾರೆ ಎಂದು ಕೇಳಿದಳು. ಮಲ್ಲಿಗಮ್ಮ ಹುಚ್ಚೆಳ್ಳು ಹುರಿಯುವುದರಿಂದ ಹಿಡಿದು ಒಂದನ್ನೂ ಬಿಡದೆ ಹೇಳಿದಳು. ಶಾಂತೆ ಅಷ್ಟನ್ನೂ ಕೇಳಿದಳು.

ಚನ್ನರಾಯಪಟ್ಟಣದ ಬಸ್ಸು ಬಂದು ನಿಂತಿತು.

"ಕಾಯ್ಲಾ ಶಾಂತಾ?" ಎಂದಳು ಮಲ್ಲಿಗಮ್ಮ. ತನ್ನ ಅಪ್ಪನ ಮುಂದೆಯೇ ಅವಳು ಹೆಸರು ಹಿಡಿದು ಕರೆದಳು. "ಇವತ್ತೇ ಏಳುದ್ರೂ ಏಳ್ಬೋದೇನೋ."

"ಅಂಚೇಲಿ ಬತ್ತದೆ ಅಂದ್ರಲ್ಲ. ಓಗು. ಇದು ಬಿಟ್ರೆ ಕತ್ತಲಾಗ್ತದೆ."

ಅವರು ಬುತ್ತಿಯ ಬಟ್ಟೆ ಕಟ್ಟಿಕೊಂಡು ಓಡಿದರು. ಮಲ್ಲಿಗಮ್ಮ ಬಾಗಿಲಿನಲ್ಲಿ ತಿರುಗಿ ಕೈ ಬೀಸಿದಳು. ಬಸ್ಸು ಅಲುಗಿತು. ಲಕ್ಕಯ್ಯ ಕಿಟಕಿಯಿಂದ ಶಾಂತೆಯತ್ತ ಕೈ ತೋರಿಸಿ, ಪಕ್ಕದಲ್ಲಿ ಕೂತಿದ್ದ ಮುದುಕನಿಗೆ ಏನೋ ಹೇಳುತ್ತಿದ್ದ. ಆ ಮುದುಕ ಅವನ ಹೆಗಲ ಮೇಲಿಂದ ಬಗ್ಗಿ ಅವಳನ್ನು ದಿಟ್ಟಿಸಿದ. ತಲೆಯಾಡಿಸಿ, ಬಸ್ಸು ತಿರುವು ದಾಟುವ ತನಕ ಎರಡೂ ಕೈ ಜೋಡಿಸಿಕೊಂಡೇ ಇದ್ದ.