ಹೆಸರಿಗೇನೂ ಆಗಬಾರದು

"ಹೆಸರಿಗೆ ಒಂದು ಗೀರು ಬಿದ್ರೂ ನಿಮ್ಮನ್ನ ಸುಮ್ಮನೆ ಬಿಡಲ್ಲ ಆಚಾರ್ರೇ" ಎನ್ನುತ್ತಾ ಪುಷ್ಪಮ್ಮ ಸೆರಗಿನ ಗಂಟು ಬಿಚ್ಚಿ ಉಂಗುರವನ್ನು ಮುಂದಿಟ್ಟಳು.

ಮದುವೆಯಲ್ಲಿ ಗಂಡ ಭೈರಪ್ಪನ ಬೆರಳಿಗೆ ತಾನೇ ಹಾಕಿದ್ದ ಉಂಗುರ. ಬಳ್ಳಿಯ ಕೆತ್ತನೆ, ನಡುವೆ 'ಪುಷ್ಪ'. ಮೊದಲೆಲ್ಲ ಸೋಪು ಹಚ್ಚಿ ಎಳೆದರೂ ಬಾರದಿದ್ದದ್ದು ಇವತ್ತು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದಿತ್ತು. ಅವನಿಗೆ ಹೇಳದೆ ಸಣ್ಣ ಮಾಡಿಸಿ ತರೋಣವೆಂದು ಜನ್ನಾಪುರದಿಂದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದಿದ್ದಳು.

ಮಗಳ ಮದುವೆ ಗೊತ್ತಾದಾಗಿನಿಂದ ಆ ಮನುಷ್ಯ ವಾಕಿಂಗ್, ಡಯಟ್ ಎಂದು ಹೊಟ್ಟೆ ಕರಗಿಸಿಕೊಂಡಿದ್ದ. "ಮದುವೆ ಮಗಳದೋ, ನಿಮ್ಮದೋ?" ಎಂದು ಪುಷ್ಪಮ್ಮ ಬೀದಿಗೆಲ್ಲ ಕೇಳುವಂತೆ ರೇಗಿಸಿದ್ದಳು. ಒಳಗೊಳಗೇ ಖುಷಿಯೂ ಇತ್ತು, ಸುಳ್ಳು ಯಾಕೆ.

ಆಚಾರ್ರು ಉಂಗುರ ತಿರುಗಿಸಿ ನೋಡಿ, "ಮತ್ತೆ ಸಡಿಲ ಆಯ್ತಾ ಅಮ್ಮಾ?" ಎಂದರು.

"ಮತ್ತೆ ಅಂದ್ರೆ? ಇದೇ ಮೊದಲು."

"ಎರಡು ಸಲ ಸಣ್ಣ ಮಾಡಿಕೊಟ್ಟಿದೀನಲ್ಲ. ಯಜಮಾನ್ರೇ ಬಂದಿದ್ರು."

"ಅಯ್ಯೋ, ಬೇರೆ ಯಾರೋ ಇರ್ಬೇಕು ಬಿಡಿ. ನನ್ನ ಕೇಳದೆ ಅವರು ಒಂದು ಬನಿಯನ್ನೂ ತರಲ್ಲ."

ಆಚಾರ್ರು ಉಂಗುರವನ್ನು ಚಿಮಟದಲ್ಲಿ ಹಿಡಿದು ಗ್ಯಾಸಿನ ಉರಿ ತೋರಿಸಿದರು. ಬಂಗಾರ ಕಾದು ಮಂಕಾಯಿತು. ಹೆಸರಿನ ಹಿಂಬದಿಯಲ್ಲಿ, ಕೆತ್ತನೆಯಿಲ್ಲದ ಜಾಗದಲ್ಲಿ, ಕೂದಲೆಳೆಯಂಥ ಎರಡು ಗೆರೆಗಳು ಎದ್ದು ಕಂಡವು.

"ನೋಡಿ, ನನ್ನದೇ ಬೆಸುಗೆ. ಹೆಸರಿಗೆ ಏಟಾಗಬಾರದು ಅಂತ ಎರಡು ಸಲವೂ ಇಲ್ಲೇ ಕತ್ತರಿಸಿ ಕೂಡಿಸಿದ್ದು. ಇನ್ನು ಜಾಗ ಇಲ್ಲ. ಮೂರನೇ ಸಲ ಕತ್ತರಿಸಿದ್ರೆ ಕೆತ್ತನೆಗೇ ಬರುತ್ತೆ."

ಪುಷ್ಪಮ್ಮ ಬಗ್ಗಿ ಗೆರೆಗಳನ್ನು ನೋಡಿದಳು. "ನನಗ್ಯಾಕೆ ಹೇಳ್ಲಿಲ್ಲ ಅವರು?"

ಆಚಾರ್ರು ತಡವರಿಸಿದರು. "ಮಗಳ ಮದುವೆ ಮುಗಿಯೋವರೆಗೂ ಮನೇಲಿ ಗೊತ್ತಾಗಬಾರದು ಅಂದಿದ್ರು. ಇಷ್ಟರಲ್ಲಿ ಹೇಳಿರ್ತಾರೆ ಅಂದ್ಕೊಂಡೆ ಅಮ್ಮಾ. ಎರಡು ಸಲವೂ ಆಸ್ಪತ್ರೆಯಿಂದ ನೆಟ್ಟಗೆ ಇಲ್ಲಿಗೇ ಬಂದಿದ್ರು. ಕಂಕುಳಲ್ಲಿ ಸ್ಕ್ಯಾನಿಂಗ್ ಕವರ್ ಇತ್ತು."

ಡಯಟ್ಟಂತೆ! ವಾಕಿಂಗಂತೆ! ಅರ್ಧ ಮುದ್ದೆ ಬಿಟ್ಟು ಏಳುತ್ತಿದ್ದವನನ್ನು ನೋಡಿ ತಾನು ಹಲ್ಲು ಕಿರಿದಿದ್ದಳಲ್ಲ! ಆ ಮನುಷ್ಯ ಕರಗುತ್ತಾ ಹೋದ, ತನ್ನ ಜೊತೆಗೇ ಉಂಗುರವನ್ನೂ ಸಣ್ಣ ಮಾಡಿಸುತ್ತಾ ಹೋದ. ಒಂದೇ ಹಾಸಿಗೆಯಲ್ಲಿ ಮಲಗುವ ಹೆಂಡತಿಗೆ ತಿಳಿಯಲಿಲ್ಲ. ಪುಷ್ಪಮ್ಮ ಅಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಕೂತಳು.

ಅಷ್ಟರಲ್ಲಿ ಫೋನ್ ಬಂತು. ಭೈರಪ್ಪನೇ.

"ಉಂಗುರ ಕಾಣ್ತಿಲ್ಲ ಮಾರಾಯ್ತಿ, ಬಚ್ಚಲೆಲ್ಲ ಹುಡುಕಿದೆ. ನೀನೇನಾದ್ರೂ ನೋಡಿದ್ಯಾ?"

"ನನ್ನ ಹತ್ರ ಇದೆ. ಗಾಂಧಿ ಬಜಾರಲ್ಲಿ, ಆಚಾರ್ರ ಅಂಗಡೀಲಿದೀನಿ."

 ಭೈರಪ್ಪ ಮೆಲ್ಲಗೆ, "ಹೆಸರಿಗೇನೂ ಆಗಿಲ್ಲ ತಾನೇ?" ಎಂದ.

"ಹೆಸರು ಹಾಳಾಗಿ ಹೋಗ್ಲಿ ರೀ!" ಅಂಗಡಿಯವರೆಲ್ಲ ತಿರುಗಿ ನೋಡುವಂತೆ ಪುಷ್ಪಮ್ಮ ಕೂಗಿದಳು. "ನಿಮಗೇನಾಗಿದೆ, ಅದನ್ನ ಹೇಳಿ!"