ತಾತನ ಪಾಲಿನ ಕಜ್ಜಾಯ

ದಸರಾ ರಜೆ ಸಿಕ್ಕಿದ್ದೇ ತಡ, ಕಾಮಗೆರೆಯ ರತ್ನಳ ಮನೆಗೆ ನಾದಿನಿಯರ, ಅವರ ಮಕ್ಕಳ ದಂಡೇ ಬಂದಿಳಿದಿತ್ತು. ಹಿರಿಯರ ಹಬ್ಬದ ದಿನ ಬೆಳಗಿನಿಂದ ಒಲೆ ಮುಂದೆ ಬೆಂದಿದ್ದ ರತ್ನ, “ಹಿರೀಕ್ರು ಉಣ್ಣೋ ಗಂಟ ಯಾರೂ ಏನೂ ಮುಟ್ಟಂಗಿಲ್ಲ ಕಣ್ರುಲಾ!” ಎಂದು ಗದರಿ ಗದರಿ ಗಂಟಲು ಕಟ್ಟಿಸಿಕೊಂಡಿದ್ದಳು.

ಹೋದ ವರ್ಷ ತೀರಿಕೊಂಡ ಮಾವ ಮುತ್ತಯ್ಯನವರ ಫೋಟೋ ಮುಂದೆ ಎಡೆ ಇಟ್ಟು, ಸಾಂಬ್ರಾಣಿ ಹಾಕಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ಎಲ್ಲರೂ ಜಗಲಿಯಲ್ಲಿ ಕಾದು ಕೂತರು.

ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಪುಟ್ಟಬಸಮ್ಮ ಬಾಗಿಲು ತಟ್ಟಿ ತೆರೆದರೆ, ಎಡೆಯ ಮುಂದೆ ರತ್ನಳ ಮೂರು ವರ್ಷದ ಮಗಳು ಸಿಂಚನ! ಯಾವಾಗ ನುಸುಳಿದ್ದಳೋ, ಕೈಯಲ್ಲಿ ಅರ್ಧ ಕಜ್ಜಾಯ. ಇನ್ನರ್ಧ ಎಲೆಯ ಮೇಲೆ ಹಾಗೇ ಇತ್ತು.

ನಾದಿನಿಯರೆದುರು ಮಾನ ಹೋಯಿತೆಂದು ರತ್ನ ಹೊಡೆಯಲು ಕೈ ಎತ್ತಿದಳು.

“ಅದು ತಾತಂದು,” ಎಂದು ಸಿಂಚನ ಎಲೆಯ ಕಡೆ ಬೆರಳು ತೋರಿಸಿದಳು.

ಪುಟ್ಟಬಸಮ್ಮ ಸೊಸೆಯ ಕೈ ಹಿಡಿದುಕೊಂಡರು. “ಬುಡವ್ವ. ನಿಮ್ಮಾವ ಕೂಸ್ಗೆ ಅರ್ಧ ಮುರ್ದು ಕೊಡ್ದೆ ಯಾವತ್ತಾರಾ ತಿಂದಿದ್ರಾ? ಬಂದಿದ್ರು ಕಣವ್ವ.”

ಹೊಡೆಯಲು ಎತ್ತಿದ್ದ ಕೈ ಇನ್ನೊಂದು ಕೈಯ ಜೊತೆ ಕೂಡಿತು. ಮುಗಿದದ್ದು ಫೋಟೋಗೋ ಅತ್ತೆಗೋ, ರತ್ನಳಿಗೇ ತಿಳಿಯಲಿಲ್ಲ.