ಮೂರನೆಯ ಬಟ್ಟಲನ್ನು ಮುಟ್ಟದವರು

ಒಂದೇ ಒಂದು ದಿನ ಬಿಟ್ಟರೆ, ಗಾಶೆ ತೆಸೆಮಾ ನಮ್ಮ ರಿಪೇರಿ ಮಳಿಗೆಯಲ್ಲಿ ಮೂರನೆಯ ಬಟ್ಟಲು ಕಾಫಿ ಕುಡಿದವರೇ ಅಲ್ಲ. ಆಡಿಸ್ ಅಬಾಬಾದಲ್ಲಿ ಕಾಫಿಗೆ ಕೂತವರು ಮೂರು ಸುತ್ತು ಮುಗಿಸಿಯೇ ಏಳಬೇಕು. ಮೂರನೆಯದು ಆಶೀರ್ವಾದದ ಬಟ್ಟಲು, ಅದನ್ನು ಬಿಟ್ಟೇಳುವುದು ಸಭ್ಯರ ಲಕ್ಷಣವಲ್ಲ. ಹಿರಿಯರೆಂದು ನಾವೆಲ್ಲ ಗಾಶೆ ಎಂದು ಕರೆಯುತ್ತಿದ್ದ, ಉಪವಾಸ ವ್ರತಗಳಲ್ಲಿ ಕೂದಲೆಳೆಯಷ್ಟೂ ತಪ್ಪದ ಈ ಮನುಷ್ಯ ಮಾತ್ರ ಎರಡನೆಯದು ಬರಿದಾದೊಡನೆ ಎದ್ದು, ರೈಲ್ವೆ ನೌಕರಿಯ ಕಾಲದ ಕಂದು ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕಿಕೊಳ್ಳುತ್ತ, "ಮೂರನೇದು ನಾಳೆಗಿರಲಿ, ಇನ್ನೂ ಯೋಚನೆ ಮಾಡ್ಬೇಕು" ಎನ್ನುತ್ತಿದ್ದರು.

ಯೋಚನೆಯೆಂದರೆ ತಮ್ಮ ಲ್ಯಾಪ್‌ಟಾಪಿಗೆ ಯಾವ ರ‍್ಯಾಮ್ ಪಟ್ಟಿ ಹಾಕಿಸಬೇಕೆಂಬುದು. ಫಿಕಿರ್ತೆ ಲ್ಯಾಪ್‌ಟಾಪ್ ರಿಪೇರಿಯವಳು. ಅವಳ ಮೇಜಿಗೆ ಒತ್ತಿಕೊಂಡೇ ಚಾರ್ಜರ್ ಮಾರುವ ನನ್ನ ಕಪಾಟು. ಉಳಿದವರು ಚಹಾ ಆರುವಷ್ಟರಲ್ಲಿ ಮುಗಿಸುವ ವ್ಯಾಪಾರವನ್ನು ಗಾಶೆ ಮಳೆಗಾಲದುದ್ದಕ್ಕೂ ಎಳೆದರು. ಅದರ ತಳಿ ಡಿಡಿಆರ್ ಮೂರೋ ನಾಲ್ಕೋ ಎಂಬುದು ಇತ್ಯರ್ಥವಾದ ಮೇಲೆ ವೋಲ್ಟೇಜಿನ ಜಿಜ್ಞಾಸೆ. ಅದೂ ಮುಗಿದ ಮೇಲೆ, ಎಂಟು ಜಿಬಿಯ ಒಂದೇ ಪಟ್ಟಿಯೋ, ನಾಲ್ಕರ ಜೋಡಿಯೋ ಎಂಬ ಮಹಾಚರ್ಚೆ.

"ಒಂಟಿ ಹಾಕಿದ್ರೆ ಏನಾಗುತ್ತೆ ಮಗಳೇ?"

"ಕೆಲ್ಸ ಮಾಡುತ್ತೆ ಗಾಶೆ. ಜೋಡಿಯಾದ್ರೆ ಇನ್ನೂ ಸ್ವಲ್ಪ ಚುರುಕು."

"ಹಾಗಾದ್ರೆ ಜೋಡಿನೇ. ಆದ್ರೆ ಬೇರೆ ಬೇರೆ ಕಂಪ್ನಿದಾದ್ರೆ ಒಂದಕ್ಕೊಂದು ಜಗಳ ಆಡಲ್ವಾ?"

"ಅಯ್ಯೋ ದೇವ್ರೇ! ಹೆಣ್ಣು ನೋಡೋಕೆ ಹೋದಾಗ್ಲೂ ಹೀಗೇ ಕಾಡಿದ್ರಾ?"

"ಇಲ್ಲಮ್ಮ, ಅವಳನ್ನ ಒಂದೇ ಮಧ್ಯಾಹ್ನದಲ್ಲಿ ಒಪ್ಕೊಂಡೆ. ಅವಸರ ಮಾಡ್ಬಿಟ್ರಿ ಅಂತ ಕೊನೇವರೆಗೂ ಅವಳೇ ಬಯ್ತಿದ್ಲು."

ಆ ಮಡದಿ ತೀರಿಕೊಂಡಾಗಿತ್ತು. ಕಾಲುನೋವಿನ ಆಕೆ ಸದಾ ಹಿಂದುಳಿಯುತ್ತಿದ್ದಳಂತೆ. ಅದಕ್ಕೇ ಇರಬೇಕು, ಗಾಶೆ ಈಗಲೂ ನಾಲ್ಕು ಹೆಜ್ಜೆ ನಡೆದು ನಿಂತು, ತಿರುಗಿ ನೋಡಿ, ಮತ್ತೆ ನಡೆಯುತ್ತಿದ್ದರು. ಲ್ಯಾಪ್‌ಟಾಪಿನಲ್ಲಿ ಅವರು ಇಸ್ಪೀಟಾಟ ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಅದಕ್ಕೆ ಇದ್ದ ಒಂದು ಪಟ್ಟಿಯೇ ಧಾರಾಳವಾಗಿತ್ತು.

ಫಿಕಿರ್ತೆಯ ಮನಸ್ಸು ಬಹಳ ಒಳ್ಳೆಯದು, ತಾಳ್ಮೆ ಕಡಿಮೆ. ಕೈಯಲ್ಲಿ ದುಡ್ಡಿಲ್ಲದೆ ಮುದುಕರು ಹೀಗೆ ದಿನ ತಳ್ಳುತ್ತಿದ್ದಾರೆಂದು ಬಗೆದಳು. ಮಳೆಗಾಲದ ಕೊನೆಗೆ ಬರುವ ಮಸ್ಕಲ್ ಹಬ್ಬದ ಹಿಂದಿನ ದಿನ ಮಧ್ಯಾಹ್ನ, ಗಾಶೆ ನನ್ನೊಡನೆ ಹರಟುತ್ತಿದ್ದಾಗ, ಅವರ ಯಂತ್ರವನ್ನು ಬೋರಲು ಹಾಕಿ, ಸ್ಕ್ರೂ ಬಿಚ್ಚಿ, ಬ್ಯಾಟರಿ ಕಳಚಿ, ಪಟ್ಟಿಯನ್ನು ಹಿಡಿದಿದ್ದ ಎರಡು ಕೊಂಡಿಗಳನ್ನು ಉಗುರಿನಿಂದ ಅಗಲಿಸಿದಳು. ಹಳೆಯ ಪಟ್ಟಿ ತಾನಾಗಿ ತಲೆಯೆತ್ತಿತು. ಅದನ್ನು ತೆಗೆದಿಟ್ಟು, ಒಂದೇ ಕಂಪನಿಯ ಜೋಡಿಯನ್ನು ಕಚ್ಚಿಗೆ ಕಚ್ಚು ಕೂಡಿಸಿ, ಓರೆಯಾಗಿ ತೂರಿಸಿ ಒತ್ತಿದಳು. ಟಕ್ ಎಂದಿತು. ಮತ್ತೊಂದು ಟಕ್.

"ಆಯ್ತು ಗಾಶೆ! ಹಬ್ಬದ ಉಡುಗೊರೆ, ದುಡ್ಡಿನ ಮಾತೇ ಎತ್ಬೇಡಿ. ಇನ್ನು ಯೋಚನೆ ಮಾಡೋ ಕೆಲ್ಸ ಇಲ್ಲ."

ಗಾಶೆಯ ಮುಖ ಸಪ್ಪಗಾಯಿತು. ಆದರೂ ಎದ್ದುನಿಂತು, ಅವಳ ತಲೆಯ ಮೇಲೆ ಕೈಯಿಟ್ಟು ಹರಸಿದರು. ಮತ್ತೆ ಕೂತು ಮೂರನೆಯ ಬಟ್ಟಲನ್ನು ಕೇಳಿ ಪಡೆದು, ತಳದ ಗಸಿಯವರೆಗೂ ಕುಡಿದರು. ಹೋಗುವಾಗ ಒಮ್ಮೆಯೂ ತಿರುಗಿ ನೋಡಲಿಲ್ಲ.

ಹಬ್ಬ ಕಳೆಯಿತು, ಮಳೆ ನಿಂತಿತು, ಅವರು ಬರಲಿಲ್ಲ. "ನಾನೇನ್ ತಪ್ಪು ಮಾಡ್ದೆ?" ಎಂದು ಫಿಕಿರ್ತೆ ಕಣ್ಣೊರೆಸಿಕೊಂಡಳು. ಕೊನೆಗೆ, ಅವರು ಬಿಟ್ಟುಹೋಗಿದ್ದ ಹಳೆಯ ಪಟ್ಟಿಯನ್ನು ಕಾಗದದಲ್ಲಿ ಸುತ್ತಿಕೊಂಡು ನಾನೇ ಅವರ ಮನೆಗೆ ಹೋದೆ. ಮನೆಯೊಳಗೂ ಕೋಟು ತೊಟ್ಟೇ ಕೂತಿದ್ದರು. ಮಡದಿಯ ಕಾಫಿ ಹೂಜಿ ಗೂಡಿನಲ್ಲಿ ಬೋರಲಾಗಿತ್ತು. ತಮ್ಮೊಬ್ಬರಿಗೋಸ್ಕರ ಬೀಜ ಹುರಿದುಕೊಳ್ಳುವವರು ನಮ್ಮಲ್ಲಿಲ್ಲ.

"ಹೇಗಿದೆ ಗಾಶೆ ಲ್ಯಾಪ್‌ಟಾಪು?"

"ಬಹಳ ಚುರುಕಾಗಿದೆ ಕಣಪ್ಪ. ಆಟ ಬೇಗ ಮುಗ್ದುಹೋಗುತ್ತೆ."

ಪಟ್ಟಿಯ ಪೊಟ್ಟಣವನ್ನು ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಅವರು ಎದ್ದು ಹೂಜಿ ಇಳಿಸಿದರು. ಬೀಜ ಸೀದುಹೋಗಿತ್ತು, ಕಾಫಿ ಕಹಿಯಾಗಿತ್ತು. ಎರಡು ಬಟ್ಟಲು ಕುಡಿದು, ಮೂರನೆಯದಕ್ಕೆ ಅವರು ಹೂಜಿ ಬಗ್ಗಿಸುವ ಮುನ್ನವೇ ನಾನು ಎದ್ದೆ.

"ಮೂರನೇದು ನಾಳೆಗಿರಲಿ ಗಾಶೆ. ಈ ಹಳೇ ಪಟ್ಟಿ ಏನ್ ಮಾಡೋದು ಅಂತ ಇನ್ನೂ ಯೋಚನೆ ಮಾಡ್ಬೇಕಲ್ಲ."

ಅವರು ಹೂಜಿಯನ್ನು ಕೆಳಗಿಟ್ಟು, ಬಾಗಿಲವರೆಗೂ ಬಂದರು.

ಇಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆ. ನಮ್ಮ ನಡುವೆ ಬಂದು ಕೂರಲು ಅವರಿಗೊಂದು ಮುಗಿಯದ ಕೆಲಸ ಬೇಕು. ಅದನ್ನು ಪಟ್ಟನೆ ಮುಗಿಸಿಕೊಟ್ಟವರನ್ನು ಅವರು ಮನಸಾರೆ ಹರಸುತ್ತಾರೆ. ಆಮೇಲೆ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.